ನಗಿಸುವವನು ಎಲ್ಲಿಂದ ಬಂದ?

ಕಂಪನಿ ನಾಟಕದ ಹಾಸ್ಯಗಾರನ ಬಾಲ್ಯ, ದುಡಿಮೆ ಮತ್ತು ತುಂಟತನ

ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಬನಶಂಕರಿಯಲ್ಲಿ ಬನದ ಹುಣ್ಣಿಮೆಯ ದಿನ ತೇರು ಎಳೆಯುತ್ತಾರೆ. ತೇರು ಒಂದು ಸಂಜೆಯದು. ಜಾತ್ರೆ ಮಾತ್ರ ಸುಮಾರು ಒಂದು ತಿಂಗಳಿನದು. ಮನೆ ಕಟ್ಟಿಸುವವರು ಬಾಗಿಲು, ಚೌಕಟ್ಟು ಕೊಳ್ಳಲು ಬರುತ್ತಾರೆ. ಹೆಣ್ಣುಮಕ್ಕಳು ಬಳೆ ಇಡಿಸಿಕೊಳ್ಳಲು, ಮಕ್ಕಳು ತೊಟ್ಟಿಲು ಏರಲು ಬರುತ್ತಾರೆ. ಕತ್ತಲಾದ ಮೇಲೆ ಇವರೆಲ್ಲ ಸೇರುವ ಜಾಗ ಒಂದೇ: ತಗಡು ಕಟ್ಟಿದ ನಾಟಕದ ಥೇಟರು. ನಾಡಿನ ವೃತ್ತಿ ನಾಟಕ ಕಂಪನಿಗಳು ಇಷ್ಟೊಂದು ಸಂಖ್ಯೆಯಲ್ಲಿ ಒಂದೆಡೆ ಕೂಡುವ ಜಾತ್ರೆ ಬೇರೆ ಇಲ್ಲವೆಂದೇ ಹೇಳಬೇಕು. ಒಂದೇ ರಾತ್ರಿಗೆ ಎರಡು ಆಟ, ನೂಕುನುಗ್ಗಲಿದ್ದರೆ ಮೂರು ಆಟ. ಈ ಒಂದು ತಿಂಗಳ ಗಳಿಕೆಯೇ ಎಷ್ಟೋ ಕಂಪನಿಗಳಿಗೆ ವರ್ಷದ ಆಸರೆ.

ಟಿಕೆಟು ಕೊಳ್ಳುವ ಮುನ್ನ ಹಳ್ಳಿಯವರು ಕೇಳುವ ಪ್ರಶ್ನೆ ಗಮನಿಸಬೇಕಾದದ್ದು. ನಾಟಕ ಬರೆದವರು ಯಾರು ಎಂದಾಗಲಿ, ನಾಯಕ ಯಾರು ಎಂದಾಗಲಿ ಅವರು ಕೇಳುವುದು ಕಡಿಮೆ. "ಕಾಮಿಡಿ ಯಾರದರೀ?" ಎಂದೇ ಕೇಳುತ್ತಾರೆ. ಆ ಹೆಸರು ಹಿಡಿಸಿದರೆ ಕೈ ಜೇಬಿಗೆ ಹೋಗುತ್ತದೆ, ಇಲ್ಲವಾದರೆ ಕಾಲು ಪಕ್ಕದ ಥೇಟರಿನ ಕಡೆ ತಿರುಗುತ್ತದೆ. ಕಂಪನಿ ನಾಟಕದಲ್ಲಿ ಹಾಸ್ಯಗಾರನ ಬೆಲೆ ಇಷ್ಟು.

ಇಷ್ಟು ಬೆಲೆಯುಳ್ಳ ಈ ಮನುಷ್ಯ ಎಲ್ಲಿಂದ ಬಂದ? ಅವನನ್ನು ತಯಾರು ಮಾಡಿದ ಶಾಲೆ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ನಾಟಕದ ಚರಿತ್ರೆಗಿಂತ ಮೊದಲು ಎದುರಾಗುವುದು ಬಡವರ ಮನೆಯ ಹುಡುಗರ ಚರಿತ್ರೆ.

ತಾಳಿಕೋಟಿಯ ರಾಜೇಸಾಬ

2025ರ ಅಕ್ಟೋಬರ್ 13ರಂದು ನಟ ರಾಜು ತಾಳಿಕೋಟಿ ಮಣಿಪಾಲದಲ್ಲಿ ತೀರಿಕೊಂಡರು. ಚಲನಚಿತ್ರದ ಚಿತ್ರೀಕರಣಕ್ಕೆಂದು ಉಡುಪಿ ಜಿಲ್ಲೆಗೆ ಹೋಗಿದ್ದಾಗ ಹೃದಯಾಘಾತವಾಯಿತು. ಆಗ ಅವರು ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದರು. ಬೆಂಗಳೂರು, ಮೈಸೂರು ಕಡೆಯವರಿಗೆ ಅವರು 'ಮನಸಾರೆ' (2009), 'ಪಂಚರಂಗಿ' (2010) ಚಿತ್ರಗಳ ನಗೆನಟ. ವಿಜಯಪುರ, ಬಾಗಲಕೋಟೆ, ಕಲಬುರಗಿ ಕಡೆಯವರಿಗೆ ಅದಕ್ಕೂ ಬಹಳ ಮೊದಲೇ 'ಕಲಿಯುಗದ ಕುಡುಕ' ನಾಟಕದ ರಾಜು. ಆ ನಾಟಕದ ಕ್ಯಾಸೆಟ್ಟುಗಳು ಒಂದು ಕಾಲಕ್ಕೆ ಚಹಾದಂಗಡಿಗಳಲ್ಲಿ, ಟೆಂಪೋಗಳಲ್ಲಿ, ಮದುವೆ ಮನೆಗಳಲ್ಲಿ ಕೇಳಿಬರುತ್ತಿದ್ದವು. ಮುಖವನ್ನೇ ನೋಡದ ಜನ ಕೂಡ ಅವರ ದನಿಯನ್ನು ಗುರುತು ಹಿಡಿಯುತ್ತಿದ್ದರು.

ಅವರ ಹುಟ್ಟೂರು ಸಿಂದಗಿ ತಾಲ್ಲೂಕಿನ ಚಿಕ್ಕಸಿಂದಗಿ. ನಿಜ ಹೆಸರು ರಾಜೇಸಾಬ. ತಂದೆ ತಾಯಿಯೂ ಕಂಪನಿಯವರೇ. ತಾಳಿಕೋಟಿಯ ಖಾಸ್ಗತ ಮಠದ ಹೆಸರನ್ನು ಹೊತ್ತ ಖಾಸ್ಗತೇಶ್ವರ ನಾಟ್ಯ ಸಂಘ ಅವರ ಮನೆತನದ್ದು. ಮಠದ ಹೆಸರಿನ ಕಂಪನಿಯನ್ನು ಮುಸ್ಲಿಂ ಕುಟುಂಬವೊಂದು ನಡೆಸಿತೆಂಬುದು ಈ ಸೀಮೆಯಲ್ಲಿ ಯಾರಿಗೂ ವಿಶೇಷವೆನಿಸಲಿಲ್ಲ. ಶಾಲೆ ಬೇಗನೆ ನಿಂತಿತು. ಹೆತ್ತವರನ್ನು ಕಳೆದುಕೊಂಡ ಹುಡುಗ ಹೊಟ್ಟೆಪಾಡಿಗಾಗಿ ಹೋಟೆಲಿನಲ್ಲಿ, ಲಾರಿಯಲ್ಲಿ ದುಡಿದ. ಬಣ್ಣದ ಬದುಕು ಅವನನ್ನು ಮತ್ತೆ ಕರೆಯಿತು. ಹಾಸ್ಯ ಅವನ ಕೈ ಹಿಡಿಯಿತು.

ಈ ಜೀವನದ ಗೆರೆ ಒಬ್ಬರದೇ ಅಲ್ಲ ಎಂಬುದೇ ಇಲ್ಲಿ ಮುಖ್ಯವಾದ ಸಂಗತಿ. ಕನ್ನಡದ ಹಾಸ್ಯನಟರ ಬಾಲ್ಯವನ್ನು ಒಂದರ ಪಕ್ಕ ಒಂದಿಟ್ಟು ನೋಡಿ. ತಿಪಟೂರಿನಲ್ಲಿ 1923ರಲ್ಲಿ ಹುಟ್ಟಿದ ನರಸಿಂಹರಾಜು ಅಕ್ಷರ ಕಲಿಯುವ ವಯಸ್ಸಿಗೇ ನಾಟಕ ಕಂಪನಿ ಸೇರಿದ್ದರು. ಬಾಲಪಾತ್ರಗಳನ್ನು ಮಾಡುತ್ತಲೇ ಬೆಳೆದು, 1954ರ 'ಬೇಡರ ಕಣ್ಣಪ್ಪ' ಚಿತ್ರದ ಮೂಲಕ ಸಿನಿಮಾಕ್ಕೆ ಬಂದರು. ಟಿ.ಎನ್. ಬಾಲಕೃಷ್ಣ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿ ನೋಡಿ ಮಾತು ಹೇಳುತ್ತಿದ್ದ ಆ ನಟ ಬಡತನದಿಂದಲೇ ರಂಗಕ್ಕೆ ನಡೆದು ಬಂದವರು. ಬೀದರ ಜಿಲ್ಲೆಯ ವೈಜನಾಥ ಬಿರಾದಾರ ಅವರು ವರ್ಷಗಟ್ಟಲೆ ಭಿಕ್ಷುಕ, ಕುಡುಕರ ಸಣ್ಣ ಪಾತ್ರಗಳಲ್ಲಿ ನಗಿಸುತ್ತಿದ್ದು, ಗಿರೀಶ ಕಾಸರವಳ್ಳಿಯವರ 'ಕನಸೆಂಬ ಕುದುರೆಯನೇರಿ' ಚಿತ್ರದಲ್ಲಿ ಹೆಣ ಹೂಳುವವನ ಪಾತ್ರ ಮಾಡಿ ದೇಶ ವಿದೇಶಗಳಲ್ಲಿ ಮೆಚ್ಚುಗೆ ಪಡೆದರು. ಇವರಲ್ಲಿ ಯಾರೂ ನಗೆಯನ್ನು ಪುಸ್ತಕದಿಂದ ಕಲಿತವರಲ್ಲ.

ಮಗ್ಗದ ಕುಣಿ, ಕಲ್ಲಿನ ಕ್ವಾರಿ, ಚಹಾದಂಗಡಿ

ಬಾಗಲಕೋಟೆ ಸೀಮೆಯ ಹುಡುಗರ ಬಾಲ್ಯ ಹೇಗಿತ್ತು ಎಂಬುದನ್ನು ಅರಿಯಲು ಇಲ್ಲಿನ ಕಸುಬುಗಳನ್ನು ನೋಡಬೇಕು. ಇಳಕಲ್ಲಿನ ಸೀರೆ ಲೋಕಕ್ಕೆಲ್ಲ ಗೊತ್ತು. ಮೈಭಾಗದ ಹತ್ತಿಯ ಎಳೆಗೂ ಸೆರಗಿನ ರೇಷ್ಮೆ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ನೇಯುವ ಆ ಸೀರೆಯ ಹಿಂದೆ ಇಡೀ ಮನೆಯ ದುಡಿಮೆ ಇದೆ. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತರೆ, ಅವ್ವ ನೂಲು ಬಿಡಿಸುತ್ತಿದ್ದಳು, ಮಕ್ಕಳು ಕಂಡಿಕೆ ಸುತ್ತುತ್ತಿದ್ದರು. ಗುಳೇದಗುಡ್ಡದ ಖಣದ ಮಗ್ಗಗಳ ಮನೆಯಲ್ಲೂ ಕತೆ ಬೇರೆಯಲ್ಲ. ಮಗ್ಗವಿಲ್ಲದವರಿಗೆ ಇಳಕಲ್ಲಿನ ಕೆಂಪು ಗ್ರಾನೈಟಿನ ಕ್ವಾರಿ, ಬಾದಾಮಿಯ ಕಲ್ಲಿನ ಕೆಲಸ, ಹುನಗುಂದದ ಎರೆಹೊಲಗಳ ಕೂಲಿ. ಇವು ಯಾವುವೂ ಸಿಗದಿದ್ದರೆ ಬಸ್‌ಸ್ಟ್ಯಾಂಡಿನ ಚಹಾದಂಗಡಿ.

ಇಂಥ ಮನೆಯ ಹುಡುಗನಿಗೆ ತುಂಟತನ ಮಾಡಲು ಹೊತ್ತಾದರೂ ಎಲ್ಲಿ? ಇಲ್ಲಿ ಒಂದು ವಿಷಯವನ್ನು ನಾವು ಸರಿಯಾಗಿ ನೋಡುವುದಿಲ್ಲ. ಉಳ್ಳವರ ಮನೆಯ ಹುಡುಗ ಪಕ್ಕದ ತೋಟದ ಪೇರಲಹಣ್ಣು ಕಿತ್ತರೆ ಊರು ಅದನ್ನು ಹುಡುಗಾಟ ಎನ್ನುತ್ತದೆ. ಕೂಲಿಯವನ ಮಗ ಅದೇ ಹಣ್ಣು ಕಿತ್ತರೆ ಅದರ ಹೆಸರು ಕಳವು. ಒಬ್ಬನಿಗೆ ಗದರಿಕೆ, ಇನ್ನೊಬ್ಬನಿಗೆ ಕಟ್ಟಿಹಾಕಿ ಏಟು. ಬಡ ಹುಡುಗನ ತುಂಟತನಕ್ಕೆ ಯಾವಾಗಲೂ ದಂಡ ಹೆಚ್ಚು.

ಹೀಗಾಗಿ ಅವನ ಪಾಲಿಗೆ ಖರ್ಚಿಲ್ಲದ, ಸಾಕ್ಷಿ ಉಳಿಯದ ಒಂದೇ ತುಂಟತನ ದಕ್ಕಿತು. ಅದು ಅಣಕ. ಚಹಾದಂಗಡಿಯ ಮಾಲೀಕ ಗಲ್ಲೆಯ ಮುಂದೆ ಕುಳಿತು ಕೆಮ್ಮುವ ರೀತಿ, ಸಾವುಕಾರ ಧೋತರ ಎತ್ತಿ ನಡೆಯುವ ಠೀವಿ, ಮಾಸ್ತರರ ಮೂಗಿನ ದನಿ, ಫೌಜದಾರನ ಹುಸಿ ಸಿಟ್ಟು – ಇವನ್ನೆಲ್ಲ ಅವರ ಬೆನ್ನ ಹಿಂದೆ ಗೆಳೆಯರೆದುರು ಮಾಡಿ ತೋರಿಸಬಹುದು. ಸಿಕ್ಕಿಬೀಳುವ ಮುಂಚೆ ಮುಖವನ್ನು ಮೊದಲಿನಂತೆ ಮಾಡಿಕೊಂಡರೆ ಆಯಿತು. ನೂರು ಗಿರಾಕಿಗಳಿಗೆ ಚಹಾ ಕೊಡುವ ಹುಡುಗನಿಗೆ ನೂರು ತರದ ನಡೆ, ನೂರು ತರದ ನುಡಿ ನೋಡಲು ಸಿಗುತ್ತದೆ. ಲಾರಿಯ ಕ್ಲೀನರನಿಗೆ ಹತ್ತು ಊರಿನ ಭಾಷೆಯ ಏರಿಳಿತ ಕಿವಿಗೆ ಬೀಳುತ್ತದೆ. ನಟನಾ ಶಾಲೆಗಳು ಶುಲ್ಕ ತೆಗೆದುಕೊಂಡು ಕಲಿಸುವ 'ಗಮನಿಸುವ ವಿದ್ಯೆ' ಇದೇ ತಾನೆ?

ಊರಿಗೆ ನಾಟಕದ ಕಂಪನಿ ಬಂದರಂತೂ ಇಂಥ ಹುಡುಗರಿಗೆ ಹಬ್ಬ. ಕೈಗಾಡಿಯಲ್ಲಿ ಬೋರ್ಡು ಕಟ್ಟಿಕೊಂಡು ಹ್ಯಾಂಡ್‌ಬಿಲ್ ಹಂಚುವವನ ಹಿಂದೆ ಓಡುವುದು, ಥೇಟರಿನ ತಗಡು ಸಡಿಲಿಸಿ ಒಳಗೆ ನುಸುಳುವುದು, ಗೇಟಿನವನ ಕೈಗೆ ಸಿಕ್ಕು ಕಿವಿ ಹಿಂಡಿಸಿಕೊಳ್ಳುವುದು, ಮರುದಿನ ಮತ್ತೆ ನುಸುಳುವುದು. ಹೀಗೆ ನುಸುಳಿದ ಹುಡುಗನಿಗೆ ಕಂಪನಿಯವರೇ ನೀರು ತರುವ, ಪರದೆ ಎಳೆಯುವ ಕೆಲಸ ಕೊಟ್ಟದ್ದುಂಟು. ಅಲ್ಲಿಂದ ಬಣ್ಣದ ಕೋಣೆಗೆ ನಾಲ್ಕೇ ಹೆಜ್ಜೆ. ಒಬ್ಬ ನಟ ಜ್ವರದಿಂದ ಮಲಗಿದರೆ, ದಿನವೂ ನಾಟಕ ನೋಡಿ ಎಲ್ಲರ ಮಾತೂ ಬಾಯಿಪಾಠವಾದ ಈ ಹುಡುಗನೇ ಗತಿ.

ಪರದೆಯ ಮುಂದೆ ಉಳಿದ ಜಾಗ

ಹಾಗೆ ಬಂದ ಹುಡುಗ ನಾಯಕನಾಗದೆ ಹಾಸ್ಯಗಾರನೇ ಏಕಾದ? ಇದಕ್ಕೆ ಕಂಪನಿ ನಾಟಕದ ಕಟ್ಟಡವೇ ಕಾರಣ ಎನ್ನಬಹುದು.

ಉತ್ತರ ಕರ್ನಾಟಕದಲ್ಲಿ ಆಧುನಿಕ ರಂಗಭೂಮಿ ಬೆಳೆದದ್ದು ಮರಾಠಿ ಕಂಪನಿಗಳ ಜೊತೆಗಿನ ಪೈಪೋಟಿಯಲ್ಲಿ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಆರಂಭಿಸಿದ ನಾಟಕಗಳ ಪ್ರಭಾವ ಈ ಕಡೆಗೂ ಹರಿಯಿತು. ಕನ್ನಡಿಗರು ಮರಾಠಿ ನಾಟಕ ನೋಡಿ ಮರುಳಾಗುತ್ತಿದ್ದ ಕಾಲದಲ್ಲಿ ಶಾಂತಕವಿಗಳು ಗದುಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿ ದಾರಿ ಹಾಕಿಕೊಟ್ಟರು. ಮುಂದೆ ಹುನಗುಂದದ ನೆಲವೇ ದೊಡ್ಡ ನಾಟಕಕಾರರನ್ನು ಕೊಟ್ಟಿತು. ಕಂದಗಲ್ಲ ಹನುಮಂತರಾಯರು (1896–1966) 'ರಕ್ತರಾತ್ರಿ'ಯಂಥ ಪೌರಾಣಿಕ ನಾಟಕಗಳಿಂದ 'ಕರ್ನಾಟಕದ ಶೇಕ್ಸ್‌ಪಿಯರ್' ಎನಿಸಿಕೊಂಡರು. ವಿಜಯಪುರದ ರಂಗಮಂದಿರಕ್ಕೆ ಇಂದಿಗೂ ಅವರದೇ ಹೆಸರು. ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ಸಾಮಾಜಿಕ ನಾಟಕಗಳಲ್ಲಿ ಹಳ್ಳಿಯ ಬದುಕನ್ನೇ ರಂಗಕ್ಕೆ ತಂದರು. ಅವರ 'ಸಂಪತ್ತಿಗೆ ಸವಾಲ್' 1974ರಲ್ಲಿ ಚಲನಚಿತ್ರವಾಗಿ, ಎಮ್ಮೆಯ ಬೆನ್ನೇರಿ ಹಾಡುವ ರಾಜಕುಮಾರ್ ಅವರನ್ನು ಕನ್ನಡಿಗರು ಮರೆಯದಂತೆ ಮಾಡಿತು. ಉಳ್ಳವರಿಗೆ ಸೊಪ್ಪು ಹಾಕದ ಹಳ್ಳಿಯ ಪೋರನ ತುಂಟತನವೇ ಆ ಕತೆಯ ಜೀವ ಎಂಬುದನ್ನು ಇಲ್ಲಿ ನೆನೆಯಬೇಕು.

ಕಂಪನಿ ನಾಟಕದಲ್ಲಿ ಅರಮನೆ, ಕಾಡು, ಬೀದಿ – ಒಂದೊಂದಕ್ಕೂ ಬೇರೆ ಬೇರೆ ಸೀನು. ಹಿಂದೆ ಅರಮನೆ ಕಳಚಿ ಕಾಡು ನಿಲ್ಲಿಸುವ ತನಕ ಪ್ರೇಕ್ಷಕ ಸುಮ್ಮನೆ ಕೂರುವುದಿಲ್ಲ. ಆ ಹೊತ್ತಿಗೆ ಮುಂದಿನ ಪರದೆ ಬಿಟ್ಟು, ಅದರ ಮುಂದೆ ನಾಲ್ಕು ಮೊಳ ಜಾಗದಲ್ಲಿ ಹಾಸ್ಯದ ದೃಶ್ಯ ನಡೆಸುವುದು ರೂಢಿ. ಸಾಮಾನು ಬೇಡ, ಆಸನ ಬೇಡ. ಇಬ್ಬರು ನಟರು ಮತ್ತು ಬಾಯಿ ಸಾಕು. ಒಳಗಿನ ಕೆಲಸ ಮುಗಿದರೆ ಮಾತು ಮೊಟಕು, ಮುಗಿಯದಿದ್ದರೆ ಮಾತು ಉದ್ದ. ಹೀಗಾಗಿ ಹಾಸ್ಯಗಾರನ ಮಾತು ಬರಹಕ್ಕೆ ಕಟ್ಟುಬೀಳಲಿಲ್ಲ. ಅಂದಿನ ಊರು, ಅಂದಿನ ಪೇಟೆಯ ದರ, ಅಂದು ಮುಂದಿನ ಕುರ್ಚಿಯಲ್ಲಿ ಕುಳಿತ ಗಣ್ಯರು – ಎಲ್ಲವೂ ಅವನ ಮಾತಿಗೆ ಸರಕು.

ಭಾಷೆಯ ಅಂತರವೂ ಇತ್ತು. ನಾಯಕ ಗ್ರಂಥದ ಕನ್ನಡ ಆಡಬೇಕು, ರಾಗವಾಗಿ ಹಾಡಬೇಕು. ಅದಕ್ಕೆ ಪೇಟಿ ಮಾಸ್ತರರ ಬಳಿ ವರ್ಷಗಟ್ಟಲೆ ಕಲಿಯಬೇಕು, ಎತ್ತರ ಬಣ್ಣಗಳೂ ಒದಗಬೇಕು. ಹಾಸ್ಯಗಾರನಿಗೆ ಬೇಕಾದದ್ದು ಮನೆಯ ಮಾತು. ರಾಜ 'ಏನಿದು ಆಶ್ಚರ್ಯ' ಎಂದು ಉದ್ಗರಿಸಿದ ಮರುಕ್ಷಣವೇ 'ಏನ್ಲೇ ಇದು?' ಎಂದು ಕೇಳಿದರೆ ಥೇಟರು ನಗುತ್ತದೆ. ತಗಡಿನ ಸಂದಿಯಿಂದ ನುಸುಳಿದ ಹುಡುಗನಿಗೆ ಈ ಮಾತನ್ನು ಯಾರೂ ಕಲಿಸಬೇಕಿರಲಿಲ್ಲ.

ಈ ಸ್ಥಾನಕ್ಕೆ ಹಳೆಯ ಪರಂಪರೆಯೂ ಇದೆ. ಸಂಸ್ಕೃತ ನಾಟಕದ ವಿದೂಷಕ ರಾಜನ ಗೆಳೆಯ. ನಮ್ಮ ದೊಡ್ಡಾಟದ ಸಾರಥಿ ಪಾತ್ರಗಳನ್ನು ಮಾತನಾಡಿಸುತ್ತಲೇ ಕೀಟಲೆ ಮಾಡುವವನು. ಇದನ್ನು ಕಲ್ಲಿನಲ್ಲಿ ನೋಡಬೇಕೆಂದರೆ ಬಾದಾಮಿಯ ಗುಹೆಗಳಿಗೆ ಹೋಗಬೇಕು. ಮಂಗಲೇಶನ ಶಾಸನವಿರುವ, ಕ್ರಿ.ಶ. 578ರ ಮೂರನೆಯ ಗುಹೆಗೆ ಹೋದವರು ಮೇಲೆ ವಿಷ್ಣುವಿನ ಭವ್ಯ ಮೂರ್ತಿಗಳನ್ನು ನೋಡಿ ಹಿಂದಿರುಗುತ್ತಾರೆ. ಕೆಳಗೆ ಜಗತಿಯ ಪಟ್ಟಿಕೆಯನ್ನು ಬಗ್ಗಿ ನೋಡುವವರು ಕಡಿಮೆ. ಅಲ್ಲಿ ಡೊಳ್ಳುಹೊಟ್ಟೆಯ ಕುಳ್ಳ ಗಣಗಳು ಕುಣಿಯುತ್ತ, ವಾದ್ಯ ಬಾರಿಸುತ್ತ, ಚೇಷ್ಟೆ ಮಾಡುತ್ತ ನಿಂತಿವೆ. ದೇವರು ಮೇಲಿನ ಗೋಡೆಯಲ್ಲಿ, ನಗುವವರು ಬುಡದಲ್ಲಿ. ಕಂಪನಿ ನಾಟಕದಲ್ಲೂ ಸ್ಥಾನ ಹಂಚಿಕೆ ಹೆಚ್ಚು ಕಡಿಮೆ ಹೀಗೆಯೇ.

ಲಂಡನ್ನಿನ ಬೆಕ್ಕು

ನಮ್ಮ ಜಾತ್ರೆಯ ಹಾಸ್ಯಗಾರನನ್ನು ಲಂಡನ್ನಿನ ಒಬ್ಬ ಹುಡುಗನ ಜೊತೆ ಹೋಲಿಸಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಚಾರ್ಲಿ ಚಾಪ್ಲಿನ್ ಹುಟ್ಟಿದ್ದು 1889ರಲ್ಲಿ. ತಂದೆ ತಾಯಿ ಇಬ್ಬರೂ ರಂಗದ ಗಾಯಕರು. ತಂದೆ ಕುಡಿತಕ್ಕೆ ಬಿದ್ದು 1901ರಲ್ಲಿ ಸತ್ತ. ತಾಯಿಯ ಮನಸ್ಸು ಕದಡಿತು. ಏಳು ವರ್ಷಕ್ಕೇ ಚಾರ್ಲಿ ಅನಾಥರ, ನಿರ್ಗತಿಕರ ಆಶ್ರಯಗಳನ್ನು ಕಂಡ. ಮುಂದೆ ಪತ್ರಿಕೆ ಮಾರಿದ, ಮುದ್ರಣಾಲಯದಲ್ಲಿ ದುಡಿದ, ಆಟಿಕೆ ಮಾಡಿದ, ವೈದ್ಯರ ಮನೆಯ ಆಳಾದ.

1964ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆತ ಎರಡು ನೆನಪುಗಳನ್ನು ಹೇಳಿಕೊಂಡಿದ್ದಾನೆ. ಒಂದು, ಆಶ್ರಯ ಶಾಲೆಯಲ್ಲಿ ತಾನು ಮಾಡದ ತುಂಟತನಕ್ಕೆ ತಪ್ಪೊಪ್ಪಿಕೊಂಡು ಬೆತ್ತದ ಏಟು ತಿಂದದ್ದು. ಇನ್ನೊಂದು, 1900ರ ಸುಮಾರಿನಲ್ಲಿ ಕ್ರಿಸ್‌ಮಸ್ ನಾಟಕವೊಂದರಲ್ಲಿ ಬೆಕ್ಕಿನ ವೇಷ ಹಾಕಿದ್ದಾಗ, ಯಾರೂ ಹೇಳಿಕೊಡದಿದ್ದರೂ ನಾಯಿಯ ಹಿಂಭಾಗ ಮೂಸಿ, ರಂಗದ ಅಂಚಿಗೆ ಕಾಲೆತ್ತಿದ್ದು. ಮ್ಯಾನೇಜರು ಪಕ್ಕದಲ್ಲಿ ನಿಂತು ಗಾಬರಿಯಿಂದ ಸನ್ನೆ ಮಾಡುತ್ತಿದ್ದರೆ ಪ್ರೇಕ್ಷಕರು ನಕ್ಕು ಸುಸ್ತಾಗಿದ್ದರು.

ಈ ಎರಡು ನೆನಪುಗಳ ನಡುವೆಯೇ ಹಾಸ್ಯಗಾರನ ಹುಟ್ಟಿದೆ. ಶಾಲೆಯಲ್ಲಿ ಮಾಡದ ತಪ್ಪಿಗೆ ಏಟು. ರಂಗದ ಮೇಲೆ ಮಾಡಿದ ತಪ್ಪಿಗೆ ಚಪ್ಪಾಳೆ! ಏಟಿಲ್ಲದೆ ತುಂಟತನ ಮಾಡಲು ಪರವಾನಗಿ ಕೊಡುವ ಜಾಗ ಭೂಮಿಯ ಮೇಲೆ ಇದೊಂದೇ ಎಂದು ಬಡ ಹುಡುಗನಿಗೆ ತಿಳಿದುಬಿಟ್ಟರೆ ಅವನು ಅದನ್ನು ಬಿಟ್ಟು ಹೋಗುವುದುಂಟೆ? ನಮ್ಮಲ್ಲಿ ಗುಬ್ಬಿ ವೀರಣ್ಣನವರೂ (1891–1972) ಹುಡುಗರಾಗಿದ್ದಾಗಲೇ ಕಂಪನಿ ಸೇರಿ, ಮುಂದೆ ಅದರ ಒಡೆಯರಾದರು. ಒಡೆಯರಾದ ಮೇಲೂ ಅವರು ಇಷ್ಟಪಟ್ಟು ಮಾಡಿದ್ದು ಹಾಸ್ಯವನ್ನೇ. 'ಸದಾರಮೆ'ಯಲ್ಲಿ ಅವರ ಕಳ್ಳನ ಪಾತ್ರ ಮನೆಮಾತಾಯಿತು. ತಮ್ಮ ಆತ್ಮಕಥೆಗೆ ಅವರು 'ಕಲೆಯೇ ಕಾಯಕ' ಎಂದು ಹೆಸರಿಟ್ಟರು. ಕಲೆಯನ್ನು ದುಡಿಮೆ ಎಂದೇ ಎಣಿಸಿದವರು ಇಡಬಹುದಾದ ಹೆಸರು ಅದು.

ಬೆಳಗಿನಲ್ಲಿ ಗೌಡರ ಎದುರು ತಲೆ ಎತ್ತದವನು ರಾತ್ರಿ ಬಣ್ಣ ಹಚ್ಚಿ ಗೌಡನನ್ನು ಅಣಕಿಸುತ್ತಾನೆ. ಗೌಡರೇ ಮುಂದೆ ಕುಳಿತು ನಗುತ್ತಾರೆ. ಇದನ್ನು ದೊಡ್ಡ ಕ್ರಾಂತಿ ಎಂದು ಕರೆಯುವುದು ತಪ್ಪಾದೀತು. ನಾಟಕದ ಕೊನೆಗೆ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಮರಳುತ್ತಾರೆ, ಬೆಳಗಾದರೆ ಗೌಡ ಗೌಡನೇ, ಆಳು ಆಳೇ. ಆದರೂ ಆ ಮೂರು ತಾಸು ಇಡೀ ಊರು ಒಟ್ಟಾಗಿ ನಕ್ಕಿದ್ದು ಯಾರನ್ನು ನೋಡಿ ಎಂಬುದು ಊರಿಗೆ ನೆನಪಿರುತ್ತದೆ.

ಕುಡುಕನ ಪಾತ್ರ, ಸ್ವಾಮಿಗಳ ಜೋಳಿಗೆ

ದುಡಿಯುವ ವರ್ಗದ ಹಾಸ್ಯಕ್ಕೆ ಒಂದು ಕಹಿ ಮುಖವೂ ಇದೆ. ಚಾಪ್ಲಿನ್ 1908ರಲ್ಲಿ ಕಾರ್ನೋ ಕಂಪನಿ ಸೇರಿ ಮೊದಲು ಹೆಸರು ಮಾಡಿದ್ದು ಕುಡುಕನ ಪಾತ್ರದಲ್ಲಿ. ಕುಡಿದು ಸತ್ತವನ ಮಗ ಕುಡುಕನ ತೂರಾಟದಿಂದ ಜಗತ್ತನ್ನು ನಗಿಸಿದ! ನಮ್ಮ ಕಡೆಯ ಕಂಪನಿಗಳಲ್ಲೂ ಕುಡುಕನಿಲ್ಲದ ಹಾಸ್ಯ ವಿರಳ. 'ಕಲಿಯುಗದ ಕುಡುಕ' ಗೆದ್ದ ಮೇಲಂತೂ ಕುಡುಕನೇ ಹಾಸ್ಯದ ನಾಯಕನಾದ.

ಹಳ್ಳಿಯ ಜನ ಕುಡುಕನನ್ನು ಕಂಡು ನಗುವುದೇಕೆ? ಅವನು ಅವರಿಗೆ ಹೊಸಬನಲ್ಲ. ಸಂತೆಯ ದಿನ ಕೂಲಿಯ ಹಣ ಕಳೆದು ಬರುವ ಮನುಷ್ಯ ಅವರ ಓಣಿಯಲ್ಲೇ ಇದ್ದಾನೆ, ಎಷ್ಟೋ ಸಲ ಅವರ ಮನೆಯಲ್ಲೇ ಇದ್ದಾನೆ. ರಂಗದ ಮೇಲಿನ ಕುಡುಕ ಮಾತ್ರ ಸತ್ಯ ನುಡಿಯುತ್ತಾನೆ. ಶಾಸಕರ ಬಗ್ಗೆ, ಸಾಲ ಕೊಟ್ಟವರ ಬಗ್ಗೆ, ತನ್ನ ಬಗ್ಗೆಯೂ ಎಚ್ಚರವಿದ್ದಾಗ ಆಡಲಾಗದ್ದನ್ನು ಆಡುತ್ತಾನೆ. ಅಮಲು ಅವನ ಪಾಲಿಗೆ ಪರವಾನಗಿ, ಹುಡುಗನಿಗೆ ಅಣಕ ಇದ್ದಂತೆ.

ಇದೇ ಸೀಮೆಯಲ್ಲಿ ಇದೇ ಕುಡುಕನನ್ನು ಬೇರೆ ಕಣ್ಣಿನಿಂದ ನೋಡಿದವರೂ ಇದ್ದರು. ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ 'ಮಹಾಂತ ಜೋಳಿಗೆ' ಆರಂಭಿಸಿದರು. ಜೋಳಿಗೆ ಹಿಡಿದು ಓಣಿ ಓಣಿಗೆ ಹೋಗಿ, ಕಾಳುಕಡಿ ಬೇಡ, ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿ ಎಂದು ಕೇಳುವ ಕಾರ್ಯಕ್ರಮ ಅದು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ.

ಒಂದು ಕಡೆ ಕುಡುಕನನ್ನು ತೋರಿಸಿ ನಗಿಸುವ ಥೇಟರು, ಇನ್ನೊಂದು ಕಡೆ ಕುಡಿತವನ್ನೇ ಭಿಕ್ಷೆ ಬೇಡುವ ಜೋಳಿಗೆ. ಇವೆರಡೂ ಒಂದನ್ನೊಂದು ವಿರೋಧಿಸುತ್ತವೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ನಿಜ ನೋಡಿದರೆ ಎರಡೂ ಹುಟ್ಟಿದ್ದು ಒಂದೇ ಗಾಯದಿಂದ. ಒಳ್ಳೆಯ ಹಾಸ್ಯಗಾರ ಕುಡುಕನ ಬಾಯಲ್ಲಿ ಹೆಂಡತಿಯ ಕಣ್ಣೀರನ್ನೂ ಮಕ್ಕಳ ಹಸಿವನ್ನೂ ಹೇಳಿಸದೆ ಪರದೆ ಬಿಡುವುದಿಲ್ಲ. ಕೆಟ್ಟ ಹಾಸ್ಯಗಾರ ತೂರಾಟದಲ್ಲೇ ನಿಲ್ಲುತ್ತಾನೆ, ಇಬ್ಬಗೆಯ ಅರ್ಥದ ಮಾತಿಗೆ ಇಳಿಯುತ್ತಾನೆ. ಕಳೆದ ಕೆಲವು ದಶಕಗಳಲ್ಲಿ ಎಷ್ಟೋ ಸಂಸಾರಸ್ಥರು ಕಂಪನಿ ನಾಟಕಗಳಿಂದ ದೂರ ಸರಿಯಲು ಈ ಎರಡನೆಯ ಬಗೆಯೇ ಕಾರಣ ಎಂಬುದನ್ನು ಮುಚ್ಚಿಡಬೇಕಾಗಿಲ್ಲ.

ಹುಡುಗಿಗೆ ತುಂಟತನವಿಲ್ಲ

ಹಾಸ್ಯಗಾರರ ನೆನಪುಗಳಲ್ಲಿ ಎದ್ದು ಕಾಣುವ ಒಂದು ಕೊರತೆಯಿದೆ. ತಗಡಿನ ಸಂದಿಯಲ್ಲಿ ನುಸುಳಿದವರು, ಕಬ್ಬು ಮುರಿದವರು, ಮಾಸ್ತರರ ದನಿ ಅನುಕರಿಸಿದವರು ಎಲ್ಲರೂ ಹುಡುಗರು. ಅದೇ ಮನೆಯ ಹುಡುಗಿ ಎಲ್ಲಿದ್ದಳು? ಕಂಡಿಕೆ ಸುತ್ತುತ್ತಿದ್ದಳು, ತಮ್ಮನನ್ನು ಎತ್ತಿಕೊಂಡಿದ್ದಳು, ನೀರಿಗೆ ಹೋಗಿದ್ದಳು. ಬಡತನ ಇಬ್ಬರಿಗೂ ಸಮಾನ. ತುಂಟತನದ ಬಿಡುವು ಮಾತ್ರ ಹುಡುಗನಿಗೆ ಮೀಸಲು.

ಆದ್ದರಿಂದ ಹಾಸ್ಯಕ್ಕೆ ಬಂದ ಹೆಣ್ಣಿನ ದಾರಿ ಇನ್ನೂ ಕಡಿದಾದದ್ದು. ತುಮಕೂರು ಜಿಲ್ಲೆಯ ನೊಣವಿನಕೆರೆಯಲ್ಲಿ 1957ರಲ್ಲಿ ಹುಟ್ಟಿದ ಉಮಾಶ್ರೀ ಅವರು ಎಳವೆಯಲ್ಲೇ ಹೆತ್ತವರನ್ನು ಕಳೆದುಕೊಂಡು, ಕಷ್ಟದ ಬದುಕು ಸಾಗಿಸುತ್ತ ರಂಗಕ್ಕೆ ಬಂದವರು. ಸಿನಿಮಾ ಅವರಿಗೆ ವರ್ಷಗಟ್ಟಲೆ ಹಾಸ್ಯದ ಪಾತ್ರಗಳನ್ನೇ ಕೊಟ್ಟಿತು; ಅವುಗಳಲ್ಲಿ ಅನೇಕವು ಹೆಣ್ಣನ್ನು ಹಗುರಾಗಿ ಕಾಣುವಂಥವು. ಅದೇ ನಟಿ 'ಗುಲಾಬಿ ಟಾಕೀಸ್' ಚಿತ್ರಕ್ಕೆ ಶ್ರೇಷ್ಠ ನಟಿಯೆಂಬ ರಾಷ್ಟ್ರಪ್ರಶಸ್ತಿ ಪಡೆದರು. 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದ ಜನ – ಅಲ್ಲಿಯೂ ನೇಕಾರರದೇ ದೊಡ್ಡ ಸಂಖ್ಯೆ – ಅವರನ್ನು ವಿಧಾನಸಭೆಗೆ ಕಳಿಸಿದರು. ಅವರು ಕನ್ನಡ ಮತ್ತು ಸಂಸ್ಕೃತಿ ಸಚಿವೆಯೂ ಆದರು. ನಗಿಸುವವರ ಮಾತನ್ನು ಜನ ನಂಬುತ್ತಾರೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಸಿಹಿಯಾಗಿ ಹೇಳಿದ ಕಹಿ

ಹಾಸ್ಯಗಾರರು ಬಾಲ್ಯವನ್ನು ನೆನೆಯುವಾಗ ನಮ್ಮನ್ನು ನಗಿಸುತ್ತಾರೆ. ಹೋಟೆಲಿನ ಕಪ್ಪು ಒಡೆದದ್ದು, ಮಾಲೀಕ ಅಟ್ಟಿಸಿಕೊಂಡು ಬಂದದ್ದು, ಚರಂಡಿಯಲ್ಲಿ ಬಿದ್ದದ್ದು – ಎಲ್ಲವೂ ಮೋಜಿನ ಪ್ರಸಂಗಗಳೇ. ಹತ್ತು ವರ್ಷದ ಮಗು ಶಾಲೆಯ ಹೊತ್ತಿನಲ್ಲಿ ಹೋಟೆಲಿನಲ್ಲಿ ಏಕಿತ್ತು ಎಂದು ಕೇಳಲು ನಮಗೆ ಮರೆತೇಹೋಗುತ್ತದೆ. ಬೀchi ತಮ್ಮ ಆತ್ಮಕಥೆಯನ್ನು 'ನನ್ನ ಭಯಾಗ್ರಫಿ' ಎಂದು ಕರೆದರು. ಒಂದಕ್ಷರ ತಿರುವಿ, ನಗೆಯ ಕೆಳಗೆ ಏನಿದೆ ಎಂದು ತೋರಿಸಿದ ಜಾಣ್ಮೆ ಅದು. ಹಾಸ್ಯಗಾರನ ನೆನಪುಗಳನ್ನು ಓದುವಾಗ ಈ 'ಭಯ'ವನ್ನು ಹುಡುಕಿ ಓದಬೇಕು.

ಹಾಗೆ ಓದಿದರೆ ಅವು ಬೆಲೆಯುಳ್ಳ ದಾಖಲೆಗಳು. ಚಹಾದಂಗಡಿಯ ಹುಡುಗ ಎಷ್ಟು ಹೊತ್ತಿಗೆ ಏಳುತ್ತಿದ್ದ, ಎಲ್ಲಿ ಮಲಗುತ್ತಿದ್ದ, ಕೂಲಿ ಯಾರ ಕೈಗೆ ಹೋಗುತ್ತಿತ್ತು ಎಂಬುದನ್ನು ಯಾವ ಸರ್ಕಾರಿ ಕಡತವೂ ಬರೆದಿಟ್ಟಿಲ್ಲ. ಬಾಲಕಾರ್ಮಿಕರ ಕಾಯಿದೆ ಬಂದದ್ದು 1986ರಲ್ಲಿ. ಹೋಟೆಲು, ಧಾಬಾಗಳಲ್ಲಿ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ ಜಾರಿಯಾದದ್ದು 2006ರ ಅಕ್ಟೋಬರ್‌ನಲ್ಲಿ. ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್‌ನಿಂದ. ಅದಕ್ಕೂ ಮುಂಚೆ ದುಡಿದು ಬೆಳೆದವರ ಬಾಲ್ಯ ಉಳಿದಿರುವುದು ಅವರ ಬಾಯಲ್ಲಿ ಮಾತ್ರ. ಅವರಲ್ಲಿ ಸಾವಿರ ಜನರ ಮುಂದೆ ಬಾಯಿ ಬಿಡುವ ಅವಕಾಶ ಸಿಕ್ಕಿದ್ದು ಹಾಸ್ಯಗಾರನಿಗೆ.

ಹಾಗೆಂದು, ಬಡತನ ಹೋದರೆ ಹಾಸ್ಯವೂ ಹೋದೀತು ಎಂದು ಮರುಗುವುದು ಸರಿಯಲ್ಲ. ಹೋಟೆಲಿನಲ್ಲಿ ಕಪ್ಪು ತೊಳೆಯಬೇಕಿದ್ದ ಹುಡುಗ ಇಂದು ಶಾಲೆಯಲ್ಲಿದ್ದರೆ ಅದು ನಾಡಿನ ಲಾಭ. ಅದಕ್ಕಾಗಿ ಒಬ್ಬ ನರಸಿಂಹರಾಜು ಕಡಿಮೆಯಾದರೂ ಚಿಂತೆಯಿಲ್ಲ. ತುಂಟತನ ಶಾಲೆಯಲ್ಲೂ ಬೆಳೆಯುತ್ತದೆ. ಶಾಲೆಗಳ ಸ್ನೇಹ ಸಮ್ಮೇಳನದಲ್ಲಿ ಅಣಕ ಮಾಡುವ ಹುಡುಗರಿಗೆ, ಈಗ ಹುಡುಗಿಯರಿಗೂ, ಕೊರತೆಯಿಲ್ಲ.

ನಷ್ಟವಾಗುತ್ತಿರುವುದು ಬೇರೆ. ಕಂದಗಲ್ಲರ ನಾಟಕಗಳು ಅಚ್ಚಾಗಿವೆ, ಧುತ್ತರಗಿಯವರ ನಾಟಕಗಳು ಅಚ್ಚಾಗಿವೆ. ನಾಯಕನ ಮಾತು, ಖಳನಾಯಕನ ಮಾತು ಪುಸ್ತಕದಲ್ಲಿ ಭದ್ರ. ಮುಂದಿನ ಪರದೆಯ ಎದುರು ನಿಂತು ಆ ರಾತ್ರಿಗೆಂದೇ ಹುಟ್ಟಿದ ಹಾಸ್ಯದ ಮಾತು ಮಾತ್ರ ಬಹುಪಾಲು ಎಲ್ಲೂ ಬರೆದಿಟ್ಟಿಲ್ಲ. ಕ್ಯಾಸೆಟ್ಟಿಗೆ ಬಂದದ್ದು ಅದರಲ್ಲಿ ಅಲ್ಪ ಭಾಗ. ಆ ಟೇಪುಗಳೂ ಈಗ ಅಂಟಿಕೊಂಡು ಕೂತಿವೆ. ಒಬ್ಬ ಹಾಸ್ಯಗಾರ ಸತ್ತರೆ ಅವನ ಮಾತಿನ ಜೊತೆಗೆ ಒಂದು ಓಣಿಯ, ಒಂದು ಮಗ್ಗದ ಮನೆಯ, ಒಂದು ಚಹಾದಂಗಡಿಯ ಚರಿತ್ರೆಯೂ ಹೋಗುತ್ತದೆ. ರಾಜು ತಾಳಿಕೋಟಿ ತೀರಿಕೊಂಡಾಗ ಹೋದದ್ದು ಇದು ಕೂಡ.

ಬನಶಂಕರಿಯಲ್ಲಿ ಕಂಪನಿಗಳು ಇಂದಿಗೂ ಕೂಡುತ್ತವೆ. ಬಣ್ಣದ ಕೋಣೆಯಲ್ಲಿ ಐವತ್ತು ವರ್ಷ ದುಡಿದ ಹಿರಿಯ ನಟ ನಟಿಯರು ಅಲ್ಲಿ ಇನ್ನೂ ಸಿಗುತ್ತಾರೆ. ಒಂದು ತಿಂಗಳು ಒಂದೇ ಜಾಗದಲ್ಲಿ ಇಷ್ಟೊಂದು ಕಲಾವಿದರು ದೊರೆಯುವಾಗ ಅಕಾಡೆಮಿಗಳಾಗಲಿ, ವಿಶ್ವವಿದ್ಯಾಲಯಗಳಾಗಲಿ ಧ್ವನಿಮುದ್ರಣದ ಯಂತ್ರದೊಡನೆ ಅವರ ಮುಂದೆ ಕೂರುವುದು ದೊಡ್ಡ ಖರ್ಚಿನ ಕೆಲಸವೇನಲ್ಲ. ಪ್ರಶಸ್ತಿ, ಶಾಲು, ಹಾರಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಸಣ್ಣದು: "ಯಜಮಾನ್ರ, ಸಣ್ಣವರಿದ್ದಾಗ ಏನು ಕೆಲಸ ಮಾಡತಿದ್ರಿ?" ಉತ್ತರದಲ್ಲಿ ನಗು ಧಾರಾಳವಾಗಿ ಬರುತ್ತದೆ. ಅದರ ಜೊತೆ ಬರುವ ಉಳಿದದ್ದನ್ನೂ ಬರೆದುಕೊಳ್ಳುವ ತಾಳ್ಮೆ ಕೇಳುವವರಿಗೆ ಇರಬೇಕು.